ಲಾಯರ್ ಬೇಕು ಅಂದ ಮೇಲೆ

ವರ್ನಾ ಸೋಬ್ಚಾಕ್ ಗುಲಾಬಿ ಬಣ್ಣದ ಹಾಳೆಗಳನ್ನು ಒಮ್ಮೆ ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ಅಷ್ಟನ್ನೂ ಮೇಜಿನ ಮೇಲೆ ಬಡಿದು, "ಇದು ಆಗೋ ಮಾತಲ್ಲ" ಅಂದಳು.

ಶೂಟಿಂಗ್ ಸೆಟ್ಟಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಆ ಮಾತನ್ನು ಅವಳು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು. ಹೇಳೋದಕ್ಕೇ ಅವಳನ್ನು ಇಟ್ಟುಕೊಂಡಿದ್ದು ಕೂಡ. ಪಿಟ್ಸ್‌ಬರ್ಗಿನಿಂದ ಆಚೆ, ನದಿಯ ಮೇಲ್ಗಡೆ ಕಾರ್ವರ್ ಫೆರಿ ಎಂಬ ಉಕ್ಕಿನ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೊಲೆ ಕೇಸುಗಳನ್ನು ನೋಡಿಕೊಂಡಿದ್ದ ಡಿಟೆಕ್ಟಿವ್ ಅವಳು. ನಿವೃತ್ತಿಯಾದ ಮೇಲೆ ಟಿವಿಯವರು ಹುಡುಕಿಕೊಂಡು ಬಂದು ಸಲಹೆಗಾರ್ತಿ ಅಂತ ಕೂರಿಸಿದ್ದರು. ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದ 'ಸಾಲ್ಟ್‌ಗೇಟ್' ಎಂಬ ಅಪರಾಧ ಧಾರಾವಾಹಿಯನ್ನು ಪಿಟ್ಸ್‌ಬರ್ಗಿನಲ್ಲೇ ನಡೆದದ್ದು ಅನ್ನೋ ಹಾಗೆ ಅವರು ಹೊಸದಾಗಿ ತೆಗೆಯುತ್ತಿದ್ದರು. ಮುಚ್ಚಿಹೋದ ಕಾರ್ಖಾನೆಯ ಶೆಡ್ಡಿನೊಳಗೆ ಪೊಲೀಸ್ ಠಾಣೆಯ ಸೆಟ್ಟು ಎದ್ದಿತ್ತು. ಮೊದಲ ಕಂತು ಹೆಚ್ಚುಕಡಿಮೆ ಮುಗಿದಿತ್ತು.

ಹೊಸದಾಗಿ ತೆಗೆಯೋದು ಅಂದರೆ ಸುಮ್ಮನೆ ಆಯಿತೇ? ಆ ಇಂಗ್ಲಿಷ್ ಪೊಲೀಸರ ಸೊಂಟದಲ್ಲಿ ಪಿಸ್ತೂಲೇ ಇರಲಿಲ್ಲ! ಕೊಲೆಗಾರನ ಮನೆಗೆ ಹೋದರೂ ನೆಂಟರ ಮನೆಗೆ ಹೋದ ಹಾಗೆ ಬಾಗಿಲು ತಟ್ಟಿ, ಟೀ ಕುಡಿದು ಬರುತ್ತಿದ್ದರು. ವರ್ನಾ ಮೂರು ವಾರ ಕೂತು ಅದನ್ನೆಲ್ಲ ಕಿತ್ತು ಹಾಕಿದಳು. ಟೀ ಹೋಗಿ ಕಾಗದದ ಲೋಟದ ಕಾಫಿ ಬಂತು, ಸೊಂಟಕ್ಕೆ ಪಿಸ್ತೂಲು ಬಂತು. ಈಸ್ಟರಿಗೆ ಮುಂಚೆ ಶುಕ್ರವಾರ ಮಾಂಸ ತಿನ್ನದ ಆ ಊರ ಕ್ರೈಸ್ತರ ರೂಢಿಯಂತೆ, ಊಟದ ಹೊತ್ತಿಗೆ ಡಿಟೆಕ್ಟಿವ್‌ಗಳು ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನು ತಿನ್ನುವ ದೃಶ್ಯವೂ ಬಂತು. ಅದು ಅವಳದೇ ಐಡಿಯಾ, ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಈಗ ನೋಡಿದರೆ ಈ ಗುಲಾಬಿ ಹಾಳೆ. ಬರೆದದ್ದು ತಿದ್ದಿದಾಗಲೆಲ್ಲ ಹೊಸ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿ ಹಂಚೋದು ಅಲ್ಲಿನ ಪದ್ಧತಿ. ತಿದ್ದಿದವನು ನೈಜೆಲ್ ಹೆಪ್‌ವರ್ತ್, ಮೂಲ ಧಾರಾವಾಹಿ ಬರೆದ ಮಹಾಶಯ. ಮೊನ್ನೆ ಇಂಗ್ಲೆಂಡಿನಿಂದ ಬಂದಿಳಿದವನು, ತನ್ನ ಟೀ ಪೊಟ್ಟಣಗಳನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಬಂದವನೇ ಮೊದಲ ಕಂತಿನ ಕೊನೆಯ ದೃಶ್ಯವನ್ನು ಮೊದಲು ಇದ್ದ ಹಾಗೇ ವಾಪಸ್ ತುರುಕಿದ್ದ. ವಿಚಾರಣೆ ಕೋಣೆ, ಒಂದು ಕಡೆ ಡಿಟೆಕ್ಟಿವ್, ಇನ್ನೊಂದು ಕಡೆ ಶಂಕಿತ, ಅವನ ಪಕ್ಕ ಅವನ ಲಾಯರ್. ಡಿಟೆಕ್ಟಿವ್ ಕೇಳುತ್ತಾ ಹೋಗುತ್ತಾಳೆ, ಅವನು 'ಹೇಳೋದೇನಿಲ್ಲ' ಅನ್ನುತ್ತಾ ಹೋಗುತ್ತಾನೆ. ಇಪ್ಪತ್ತಾರು ಸಲ ಹಾಗಂದು ಇಪ್ಪತ್ತೇಳನೇ ಪ್ರಶ್ನೆಗೆ ಒಡೆದು ಹೋಗುತ್ತಾನೆ. ಒಂಬತ್ತು ನಿಮಿಷ. ಇಂಗ್ಲೆಂಡಿನಲ್ಲಿ ಆ ಒಂಬತ್ತು ನಿಮಿಷಕ್ಕೇ ಪ್ರಶಸ್ತಿ ಬಂದಿತ್ತಂತೆ.

"ಯಾವುದು ಆಗಲ್ಲ ಮೇಡಂ?" ಹೆಪ್‌ವರ್ತ್ ಲೋಟ ಹಿಡಿದುಕೊಂಡೇ ಬಂದ.

"ಲಾಯರ್ ಪಕ್ಕದಲ್ಲಿ ಕೂತಿದಾನಲ್ಲ, ಅದು."

"ಕೂತಿರ್ತಾನೆ. ನಮ್ಮಲ್ಲಿ ಕೂರಲೇಬೇಕು. ಅವನು ಸುಮ್ಮನೆ ಬರ್ಕೊಳ್ತಾ ಇರ್ತಾನೆ, ಪೊಲೀಸರು ಕೇಳ್ತಾ ಇರ್ತಾರೆ."

"ನಿಮ್ಮಲ್ಲಿ ಕೂತಿರಲಿ ಸಾಹೇಬ್ರೇ, ನಿಟ್ಟಿಂಗ್ ಬೇಕಾದ್ರೂ ಮಾಡ್ತಾ ಕೂತಿರಲಿ. ಇಲ್ಲಿ ಲಾಯರ್ ಒಳಗೆ ಬಂದು ಮೊದಲು ಹೇಳೋದೇ 'ಬಾಯಿ ಮುಚ್ಕೊಂಡಿರು' ಅಂತ. ಎರಡನೇದು 'ನಡಿ ಹೋಗೋಣ'. ಮುಗೀತು! ನಿಮ್ಮ ಇಪ್ಪತ್ತೇಳು ಪ್ರಶ್ನೆ ಯಾರಿಗೆ ಕೇಳ್ತಾಳೆ ನಮ್ಮ ಹುಡುಗಿ, ಕುರ್ಚಿಗಾ?"

ಲೈಟಿನ ಹುಡುಗರು ಕಿಸಕ್ಕನೆ ನಕ್ಕರು. ಹೆಪ್‌ವರ್ತ್ ನಗಲಿಲ್ಲ. ಒಳ್ಳೆಯ ಮನುಷ್ಯನೇ, ಆದರೆ ಹೆತ್ತ ಕೂಸಿನ ಮೂಗು ಸೊಟ್ಟ ಅಂದರೆ ಯಾರಿಗೆ ಹಿಡಿಸುತ್ತದೆ?

ಮಾತು ನಿರ್ದೇಶಕಿ ರೆನೀ ಟಿಬ್ಸ್‌ಳ ಕಿವಿಗೆ ಬಿತ್ತು. ಅವಳು ಚುರುಕಿನ ಹೆಂಗಸು, ನಿಂತಲ್ಲೇ ತೀರ್ಮಾನ ಮಾಡುವವಳು. ಮಧ್ಯಾಹ್ನ ಎರಡಕ್ಕೆ ಚಾನೆಲ್ಲಿನವರು ಇದೇ ದೃಶ್ಯ ನೋಡೋಕೆ ಬರುವವರಿದ್ದರು. ಹಾಳೆ ತಿರುವಿ, ಪೆನ್ನಿನ ತುದಿ ಕಚ್ಚಿ, ಅರ್ಧ ನಿಮಿಷದಲ್ಲಿ ಉಪಾಯ ಹುಡುಕಿಬಿಟ್ಟಳು.

"ಲಾಯರ್‌ನೇ ತೆಗೆದುಬಿಡೋಣ. ಶಂಕಿತ 'ನಂಗೆ ಲಾಯರ್ ಬೇಕು' ಅಂತಾನೆ. ನಮ್ಮ ಜೋಸಿ ಕೇಳಿಸ್ಕೊಂಡೂ ಕೇಳಿಸ್ಕೊಳ್ಳದ ಹಾಗೆ ಇನ್ನೊಂದೇ ಒಂದು ಪ್ರಶ್ನೆ ಹಾಕ್ತಾಳೆ. ಧೈರ್ಯ ಮಾಡಿ! ಅವನು ಒಡೆದು ಹೋಗ್ತಾನೆ, ಎಲ್ಲಾ ಕಕ್ಕಿಬಿಡ್ತಾನೆ. ಕೇಸ್ ಮುಗೀತು. ಹೇಗಿದೆ?"

ಚೆನ್ನಾಗಿದೆ ಅಂದರು ಎಲ್ಲರೂ. ಹೆಪ್‌ವರ್ತ್ ಕೂಡ, ಪ್ರಶ್ನೆ ಒಂದಾದರೂ ಉಳಿಯಿತಲ್ಲ ಅನ್ನೋ ಹಾಗೆ ತಲೆಯಾಡಿಸಿದ. ಡಿಟೆಕ್ಟಿವ್ ಪಾತ್ರದ ಜೋಸಿ ಕ್ವಿನ್ ಆಗಲೇ ಆ ಧೈರ್ಯದ ಮುಖ ಮಾಡಿಕೊಂಡು ನಿಂತಿದ್ದಳು.

ವರ್ನಾ ಕೋಟಿನ ಗುಂಡಿ ಹಾಕಿಕೊಂಡಳು. "ಹಾಗೆ ತೆಗೆಯೋದಾದ್ರೆ ನನ್ನ ಹೆಸರು ಕಿತ್ತಾಕಿ" ಅಂದಳು. "ಈಗಲೇ. ನಾನು ಹೊರಟೆ."

"ಅಯ್ಯೋ ವರ್ನಾ! ಏನಾಯ್ತು ನಿಮಗೆ? ಟಿವೀಲಿ ನೂರು ಸಲ ಮಾಡಿರೋದೇ ತಾನೇ?" ಅಂದಳು ರೆನೀ.

"ಟಿವೀಲಿ ನೂರು ಸಲ. ನಾನು ಒಂದೇ ಸಲ ಮಾಡಿರೋದು."

ವರ್ನಾ ಸುತ್ತಿ ಬಳಸಿ ಮಾತಾಡುವವಳಲ್ಲ. ನೆಟ್ಟಗೆ ನಿಂತು, ಸಾಕ್ಷಿ ಹೇಳುವವಳ ಹಾಗೆ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದೆ ಪೆಟ್ರಾ ಡೂಡಾ ಅನ್ನೋ ಹುಡುಗಿ ಕೊಲೆಯಾದಳು. ಮಾಡಿದವನನ್ನು ವರ್ನಾ ಹಿಡಿದು ಕೂರಿಸಿದಳು. ಐದು ಗಂಟೆ ಮಾತಾಡಿಸಿದಳು. ಇನ್ನೇನು ಹೇಳಬೇಕು, ಅಷ್ಟರಲ್ಲಿ ಅವನು ಲಾಯರ್ ಬೇಕು ಅಂದ. ಆ ಕ್ಷಣವೇ ಪೊಲೀಸರು ಪ್ರಶ್ನೆ ನಿಲ್ಲಿಸಿ ಎದ್ದು ಹೊರಗೆ ಹೋಗಬೇಕು. ಕಾನೂನು ಅದು, ಮೊದಲ ವಾರದಲ್ಲೇ ತಲೆಗೆ ತುಂಬಿಸುತ್ತಾರೆ. ವರ್ನಾ ಏಳಲಿಲ್ಲ. ಒಂದು ಪ್ರಶ್ನೆ ಕೇಳಿದಳು. ಅವನು ಅದಕ್ಕೆ ಉತ್ತರ ಕೊಟ್ಟ, ಅದರ ಹಿಂದೆಯೇ ಪೂರ್ತಿ ಬಾಯಿಬಿಟ್ಟ. ಲಾಯರ್ ಬೇಕು ಅಂದ ಮೇಲೆ ಹೇಳಿಸಿಕೊಂಡ ಮಾತು, ಇದನ್ನು ಸಾಕ್ಷಿ ಅಂತ ಒಪ್ಪೋಕೆ ಆಗಲ್ಲ ಅಂತ ನ್ಯಾಯಾಧೀಶರು ತೆಗೆದು ಹಾಕಿದರು. ಬೇರೆ ಸಾಕ್ಷಿ ಇರಲಿಲ್ಲ. ಅವನು ಮೆಟ್ಟಿಲು ಇಳಿದುಕೊಂಡು ಮನೆಗೆ ಹೋದ.

"ಹುಡುಗಿ ತಾಯಿ ನಮ್ಮನೆಯಿಂದ ಮೂರು ಬೀದಿ ಆಚೆ ಇದಾರೆ," ಅಂದಳು ವರ್ನಾ. "ನಮ್ಮ ಚರ್ಚಿಗೇ ಬರ್ತಾರೆ. ಸಂಜೆ ಆದ್ರೆ ಟಿವಿ ಮುಂದೆ ಕೂರ್ತಾರೆ. ನನ್ನ ಕೈಯಿಂದ ಅವರಿಗಾದ ಅನ್ಯಾಯಾನ ಅವರ ಮನೆ ಹಾಲಲ್ಲೇ ಶೌರ್ಯ ಅಂತ ತೋರ್ಸಿ, ಕೆಳಗಡೆ ನನ್ನ ಹೆಸರು ಹಾಕ್ತೀರಾ? ನನ್ನ ಪ್ರಾಣ ಹೋದ್ರೂ ಬಿಡಲ್ಲ."

ರೆನೀ ಗಡಿಯಾರ ನೋಡಿಕೊಂಡಳು. ಅವಳಿಗೂ ಬೇಸರವಾಗಿತ್ತು, ಆದರೆ ಅವಳ ಬೆನ್ನ ಮೇಲೆ ಇನ್ನೂರು ಜನರ ಕೆಲಸ ಕೂತಿತ್ತು. "ಸರಿ. ಹಾಗಾದ್ರೆ ನಾನು ಏನು ತೆಗೀಲಿ, ಅದನ್ನ ಹೇಳಿ. ಎರಡು ಗಂಟೆಗೆ ನನ್ನ ಕೈಲಿ ದೃಶ್ಯ ಇರಬೇಕು."

"ಹೇಳೋದೇನು, ತೋರಿಸ್ತೀನಿ." ವರ್ನಾ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದಳು. "ಜೋಸಿ, ಎದ್ದೇಳು ಮಗಳೇ, ಇಲ್ಲಿ ನಿಂತು ನೋಡು. ಅಮೋಸ್, ನೀನು ಕೂತ್ಕೋ. ಕಾಗದ ಬಿಸಾಡು. ನೀನು ಕೊಂದಿದೀಯ, ನಂಗೆ ಗೊತ್ತು, ನಿಂಗೂ ಗೊತ್ತು. ಸಾಕಾಗಿದೆ ಅಂದಾಗ ಲಾಯರ್ ಕೇಳು. ಯಾವಾಗ ಅಂತ ನಂಗೆ ಹೇಳ್ಬೇಡ."

ಅಮೋಸ್ ಲೀಚ್ ಶಂಕಿತನ ಪಾತ್ರದವನು. ದೊಡ್ಡ ಆಳು, ಮೆತ್ತನೆಯ ದನಿ. ಅವನು ಕೂತ. ವರ್ನಾ ಅವನೆದುರು ಕೂರಲಿಲ್ಲ, ಮೇಜಿನ ಮೂಲೆಗೆ ಕುರ್ಚಿ ಎಳೆದುಕೊಂಡು ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಕೊಲೆಯ ಸುದ್ದಿಯನ್ನೇ ಎತ್ತಲಿಲ್ಲ. ಬೆಳಗ್ಗೆ ಏನು ತಿಂದೆ ಅಂದಳು. ಅಪ್ಪ ಯಾವ ಕಾರ್ಖಾನೆಯಲ್ಲಿದ್ದ ಅಂದಳು. ಅಮೋಸ್ ಹೇಳಿದ. ನಿಜವಾದ ಅಪ್ಪನ ಬಗ್ಗೆಯೇ ಹೇಳುತ್ತಿದ್ದಾನೆ ಅಂತ ನೋಡುವವರಿಗೆಲ್ಲ ಗೊತ್ತಾಯಿತು. "ಹೊಡೀತಿದ್ರಾ?" ಅಂದಳು. ಅವನು ಮೇಜು ನೋಡಿದ. "ಯಾವಾಗಲೋ ಒಂದೊಂದ್ಸಲ." "ಆಮೇಲೆ ಅವರಿಗೇ ಅಳು ಬರ್ತಿತ್ತೇನೋ." ಅಮೋಸ್ ತಲೆ ಎತ್ತಿ, "ನಿಮಗೆ ಹೇಗೆ ಗೊತ್ತು?" ಅಂದ. ವರ್ನಾಳಿಗೆ ಮೈಯೆಲ್ಲ ಹಳೇ ದಿನ ವಾಪಸ್ ಬಂದ ಹಾಗಾಯಿತು. ಈ ಕೆಲಸದಲ್ಲಿ ತನ್ನನ್ನು ಮೀರಿಸುವವರು ಯಾರೂ ಇರಲಿಲ್ಲ ಅನ್ನೋದು ಅವಳಿಗೆ ಗೊತ್ತಿತ್ತು, ಅದನ್ನು ಮುಚ್ಚಿಡುವ ವಿನಯ ಅವಳಿಗೆ ಯಾವತ್ತೂ ಇರಲಿಲ್ಲ. ಸ್ವಲ್ಪ ಸ್ವಲ್ಪವೇ, ಬೆಣ್ಣೆ ತೆಗೆಯುವ ಹಾಗೆ, ಅವನನ್ನು ಕಥೆಯಲ್ಲಿ ಕೊಲೆಯಾದ ಹುಡುಗಿಯ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದಳು. "ಬಾಗಿಲು ಅವಳೇ ತೆಗೆದ್ಲಾ?" ಅವನು ಬಾಯಿ ತೆರೆದ. ತುಟಿ ಅದುರುತ್ತಿತ್ತು.

"ನಂಗೆ ಲಾಯರ್ ಬೇಕು" ಅಂದ ಅಮೋಸ್.

ಆ ಒಂದು ಪ್ರಶ್ನೆ ವರ್ನಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಅಮೋಸನಿಗೂ ಅದು ಕಾಣಿಸಿತು, ಕೇಳೇ ಬಿಡುತ್ತಾಳೆ ಅಂತ ಕಾದ. ಎಲ್ಲರೂ ಕಾದರು. ವರ್ನಾ ಬಾಯಿ ಮುಚ್ಚಿಕೊಂಡಳು. ಎದ್ದಳು, ಕುರ್ಚಿಯನ್ನು ಮೇಜಿನೊಳಗೆ ಸರಿಸಿದಳು, ಕೋಟು ಎತ್ತಿಕೊಂಡಳು.

"ಹೋಗ್ತಿದೀರಾ?" ಅಮೋಸನ ದನಿ ಒಡೆಯಿತು. "ಇರಿ... ಸ್ವಲ್ಪ ಹೊತ್ತು ಇರಿ."

ಅವಳು ತಿರುಗಿ ನೋಡಲಿಲ್ಲ. ಸೆಟ್ಟಿನ ಬಾಗಿಲು ತೆಗೆದು ಹೊರಗೆ ಹೋಗಿ, ಹಿಂದಿನಿಂದ ಎಳೆದುಕೊಂಡಳು. ಪ್ಲೈವುಡ್ಡಿನ ಬಾಗಿಲು, ಆದರೂ ಮುಚ್ಚಿದ ಸದ್ದು ಶೆಡ್ಡಿನ ಆ ತುದಿಯವರೆಗೂ ಕೇಳಿಸಿತು. ಒಳಗೆ ಅಮೋಸ್ ಕೈಯಲ್ಲಿ ಮುಖ ಮುಚ್ಚಿಕೊಂಡು ಒಬ್ಬನೇ ಕೂತಿದ್ದ.

ಆಮೇಲೆ ರೆನೀ ಮೆಲ್ಲಗೆ, "ನಮ್ಮ ಡಿಟೆಕ್ಟಿವ್ ಹುಡುಗಿಗೆ ಎಲ್ಲಾ ಗೊತ್ತು, ಆದ್ರೂ ಎದ್ದು ಹೋಗ್ಬೇಕು" ಅಂದಳು. "ಕೇಸ್ ಇನ್ನೂ ಮುಗಿದಿಲ್ಲ. ಒಂದೇ ಕಂತಲ್ಲಿ ಮುಗಿಸ್ತಿದ್ವಲ್ಲ ನಾವು, ಪೆದ್ದುಗಳು! ಮುಂದಿನ ಒಂಬತ್ತು ಕಂತೂ ಇದರ ಮೇಲೇ ನಿಲ್ಲುತ್ತೆ. ಜೋಸಿ, ನೋಡ್ಕೊಂಡ್ಯಾ? ಇದೇ ತೆಗೀತಿದೀವಿ. ಸಾಕ್ಷಿ ಬೇರೆ ಕಡೆಯಿಂದ ಹುಡುಕ್ತಾಳೆ, ಕಷ್ಟಪಟ್ಟು, ನಿಯತ್ತಾಗಿ."

"ನಿಯತ್ತಾಗಿ" ಅಂದಳು ಜೋಸಿ, ಕುರ್ಚಿ ಸರಿಸೋದನ್ನು ಆಗಲೇ ಅಭ್ಯಾಸ ಮಾಡುತ್ತಾ.

ಬಾಗಿಲ ಆಚೆ, ಸೆಟ್ಟನ್ನು ಎತ್ತಿ ನಿಲ್ಲಿಸಿದ ಮರದ ಕಂಬಗಳ ನಡುವೆ ವರ್ನಾ ನಿಂತಿದ್ದಳು. ಎದೆ ಹಗುರವಾಗಿತ್ತು. ಹೆಪ್‌ವರ್ತ್ ಸುತ್ತು ಹಾಕಿಕೊಂಡು ಅಲ್ಲಿಗೇ ಬಂದ. ಗುಲಾಬಿ ಹಾಳೆಗಳನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

"ನನ್ನ ಒಂಬತ್ತು ನಿಮಿಷ ಹೋಯ್ತು" ಅಂದ.

"ಹೋಯ್ತು. ಬೇಜಾರಾ?"

"ಆಗಬೇಕಿತ್ತು. ಆಗ್ತಿಲ್ಲ. ನಾನು ಇಪ್ಪತ್ತೇಳು ಪ್ರಶ್ನೆ ಬರೆದು ಮಾಡಿದ್ದನ್ನ ನೀವು ಒಂದು ಪ್ರಶ್ನೆ ಕೇಳದೆ ಮಾಡಿದ್ರಿ." ಬರೆಯುವವನ ಚಟ ನೋಡಿ, ಸುಮ್ಮನಿರೋಕೆ ಆಗಲಿಲ್ಲ. "ಈಗ ನುಂಗ್ಕೊಂಡ್ರಲ್ಲ ಮೇಡಂ, ಅದು ಯಾವ ಪ್ರಶ್ನೆ?"

"ಅವತ್ತು ಕೇಳಿದ್ದೇ." ವರ್ನಾ ಅವನ ಮುಖ ನೋಡಿಯೇ ಹೇಳಿದಳು. "'ಅವಳು ಕೊನೇಲಿ ಏನಂದ್ಲು?' ಅಂತ ಕೇಳಿದ್ದೆ. ಕೇಸಿಗೆ ಬೇಕಿರಲಿಲ್ಲ ಅದು. ಅವರಮ್ಮ ನನ್ನ ಕೈ ಹಿಡ್ಕೊಂಡು ದಿನಾ ಅದೊಂದನ್ನೇ ಕೇಳ್ತಿದ್ರು. ಅವರಿಗೆ ಹೋಗಿ ಹೇಳೋಣ ಅಂತ ಕೇಳಿದೆ. ಅವನು ಹೇಳ್ದ. ನಾನೂ ಹೋಗಿ ಹೇಳ್ದೆ. ಆ ಮಾತಿಗೆ ಬದಲಾಗಿ ಮಗಳ ಕೊಲೆಗಾರನ್ನ ಬಿಟ್ಟಿದೀನಿ ಅಂತ ಅವರಿಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ."

ಹೆಪ್‌ವರ್ತ್‌ನ ಕಣ್ಣು ಒದ್ದೆಯಾಯಿತು. ಆದರೂ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಯಿತು. "ಏನಂದಿದ್ಲು?" ಅಂತ ಕೇಳಿದ.

"ಅದು ಅವರಮ್ಮನಿಗೆ ಸೇರಿದ್ದು ಸಾಹೇಬ್ರೇ," ಅಂದಳು ವರ್ನಾ. "ನಿಮ್ಮ ಧಾರಾವಾಹಿಗಲ್ಲ."