ಗೊತ್ತು ಎನ್ನಲು ತಡವಾಯಿತು

ಕೇರಳದ ಆಲುವದಲ್ಲಿ ಬಂಗಾಳ, ಅಸ್ಸಾಂ, ಒಡಿಶಾ ಎಲ್ಲಿಂದ ಬಂದ ಕೂಲಿಯವನಿಗೂ ಒಂದೇ ಹೆಸರು, ಭಾಯಿ. ಮೈಸೂರಿನಿಂದ ವರ್ಗವಾಗಿ ಬಂದ ನನ್ನನ್ನು ಮಾತ್ರ ಬ್ಯಾಂಕಿನ ಮೇಡಂ ಎನ್ನುತ್ತಾರೆ. ನಾನೂ ಹೊರಗಿನವಳೇ, ಆದರೆ ಅವರ ಥರದ ಹೊರಗಿನವಳಲ್ಲ ಎಂದುಕೊಂಡು ಆರು ವರ್ಷ ನೆಮ್ಮದಿಯಾಗಿದ್ದೆ.

ಆ ವಾರವೆಲ್ಲ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸುದ್ದಿ. ಮಕ್ಕಳ ಕಳ್ಳರು ಬಂದಿದ್ದಾರಂತೆ, ಎಲ್ಲ ಭಾಯಿಗಳೇ ಅಂತೆ. ಎಲ್ಲಿ, ಯಾರ ಮಗು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳದೆ ನಾಲ್ಕು ಜನಕ್ಕೆ ಕಳಿಸಿದೆ.

ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಲು ಸಫಿಕುಲ್ ಬರುತ್ತಿದ್ದ. ಮುರ್ಷಿದಾಬಾದಿನವನು, ಅಚ್ಚುಕಟ್ಟಿನ ಕೆಲಸಗಾರ. ಐದು ವರ್ಷದ ನನ್ನ ಮಗಳು ಪ್ರತೀಕ್ಷಾಗೆ ಬೇಸಿಗೆ ರಜೆ. ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ದಿನವಿಡೀ ಮಲಯಾಳದಲ್ಲಿ ಹರಟುತ್ತಿದ್ದಳು. ಒಮ್ಮೆ ಅವನು ಅವಳ ಶಾಲೆಯ ಹೆಸರು ಕೇಳಿದ. ಇವನಿಗ್ಯಾಕೆ ಅದು? ತಿರುವನಂತಪುರದಲ್ಲಿ ಕೆಲಸ ಮಾಡುವ ಗಂಡ ಕೃಷ್ಣಾನಂದನಿಗೆ ಫೋನಿನಲ್ಲಿ ಹೇಳಿದೆ.

“ಸುಮಿತ್ರಾ, ಒಂದು ಕಣ್ಣಿಟ್ಟಿರು. ಯಾರನ್ನ ನಂಬೋದು ಹೇಳು,” ಎಂದ.

ರಜೆ ಹಾಕಿ ಮನೆಯಲ್ಲಿದ್ದ ನಾನು ಎರಡು ಕಣ್ಣನ್ನೂ ಇಟ್ಟೆ. ಅವನ ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡೆ. ಊಟ ಬಡಿಸುವಾಗಲೂ ಅವನ ಕೈಯನ್ನೇ ನೋಡುತ್ತಿದ್ದೆ.

ಶನಿವಾರ ಸಂಜೆ ಐದಕ್ಕೆ ಅವನು ಹೊರಟ. ಸ್ವಲ್ಪ ಹೊತ್ತಿಗೆ ನೋಡಿದರೆ ಗೇಟು ತೆರೆದಿದೆ, ಮಗು ಇಲ್ಲ. ಬರಿಗಾಲಲ್ಲಿ ಓಡಿದೆ.

ಬಸ್ ಸ್ಟಾಪಿನ ಹತ್ತಿರ ಜನ ಸೇರಿದ್ದರು. ನಮ್ಮ ಬೀದಿಯ ಸಂಘದ ಕಾರ್ಯದರ್ಶಿ ಅಜಿತ್ ಸಫಿಕುಲ್‌ನ ಕಾಲರು ಹಿಡಿದಿದ್ದ. ಪ್ರತೀಕ್ಷಾ ಯಾರದೋ ಸೊಂಟದ ಮೇಲಿದ್ದು ಅಳುತ್ತಿದ್ದಳು.

“ದೀದಿ, ನನ್ನ ಹಿಂದೇನೇ ಬಂದ್ಬಿಟ್ಟಿದ್ಲು. ಮನೆಗೆ ವಾಪಸ್ ಕರ್ಕೊಂಡು ಬರ್ತಿದ್ದೆ,” ಎಂದು ಸಫಿಕುಲ್ ಹಿಂದಿಯಲ್ಲಿ ಹೇಳಿದ.

“ಚೇಚೀ, ಇವನೆ ಅರಿಯಾಮೋ?” ಅಕ್ಕಾ, ಇವನು ಗೊತ್ತಾ ಎಂದು ಅಜಿತ್ ನನ್ನನ್ನು ಕೇಳಿದ.

ಗೊತ್ತು. ಒಂಬತ್ತು ದಿನ ನಮ್ಮ ಮನೆಯಲ್ಲಿ ಉಂಡವನು. ಆ ಒಂದು ಮಾತು ಸಾಕಿತ್ತು. ಆದರೆ ಶಾಲೆಯ ಹೆಸರು ಯಾಕೆ ಕೇಳಿದ್ದ? ಮಗುವನ್ನು ಮನೆಯ ಕಡೆಗೆ ಕರೆತರುತ್ತಿದ್ದನೋ, ಬಸ್ಸಿನ ಕಡೆಗೆ ಒಯ್ಯುತ್ತಿದ್ದನೋ? ಮಗಳನ್ನು ಎಳೆದುಕೊಂಡು ಅಪ್ಪಿ ಹಿಡಿದೆ. ಅವನ ಮುಖ ನೋಡುತ್ತ ಸುಮ್ಮನೆ ನಿಂತೆ.

ಮೊದಲ ಏಟು ಅವನ ಕೆನ್ನೆಗೆ ಬಿತ್ತು, ಎರಡನೆಯದಕ್ಕೆ ತುಟಿ ಒಡೆಯಿತು. ನಾನೇ ಭಾಯಿ ಹಿಂದೆ ಹೋಗಿದ್ದು ಎಂದು ಪ್ರತೀಕ್ಷಾ ಮಲಯಾಳದಲ್ಲಿ ಕಿರುಚಿದಳು. ಆಗ ನನಗೆ ಬಾಯಿ ಬಂತು. ಗೊತ್ತು, ಬಿಡಿ ಎಂದೆ. ಅಜಿತ್ ಅವನ ಕಾಲರು ಸರಿಮಾಡಿ, ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ಗದರಿದ. ಅಜಿತ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ಬರಲಾರ ಎಂದುಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಸಫಿಕುಲ್ ಬಂದ. ತುಟಿ ಊದಿತ್ತು. ಗೇಟಿನ ಹೊರಗೇ ನಿಂತ. ನಾಚಿಕೆಯಿಂದ ಸಾಯುವಂತಾಗಿ, ತಪ್ಪಾಯಿತು ಎಂದೆ.

ಅಷ್ಟರಲ್ಲಿ ಪ್ರತೀಕ್ಷಾ “ಭಾಯೀ!” ಎನ್ನುತ್ತ ಓಡಿಬಂದಳು. ಅವನು ಗಾಬರಿಯಿಂದ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬೀದಿಯ ಆಚೆ ಈಚೆ ನೋಡಿದ.

“ದೀದಿ, ಮಗೂನ ಎಲ್ಲಾದ್ರೂ ಕಳಿಸಿ,” ಎಂದ. “ಅವಳು ಮನೇಲಿದ್ರೆ ನಾನು ಒಳಗೆ ಬರಲ್ಲ.”