ಕೆಂಪು ಗೆರೆಯವರೆಗೆ

ನೆನೆಸಿಟ್ಟ ತೆಂಗಿನ ಮಡಲನ್ನು ಮಂಡಿಯಡಿ ಒತ್ತಿ ಹಿಡಿದು, ಒಂದು ಗರಿ ಮೇಲೆ ಒಂದು ಗರಿ ಕೆಳಗೆ ಹೆಣೆಯುತ್ತಿದ್ದ ಬೆನೆಡಿಕ್ಟಾ ಬಾಯಿ ಸೊಂಟ ನೋವೆಂದು ತಲೆ ಎತ್ತಿದಳು. ಎದುರಿಗೆ ಕಡಲು ಕಂಡಿತು.

ಕೈ ಅಲ್ಲಿಗೇ ನಿಂತಿತು. ಮದುವೆಯಾಗಿ ಉಚ್ಚಿಲದ ಈ ಮನೆಗೆ ಬಂದಂದಿನಿಂದ ಮಳೆ ಹಿಡಿಯುವ ಮೊದಲು ಇದೇ ಜಗಲಿಯಲ್ಲಿ ಕೂತು ಪಡುಬದಿಗೆ ಕಟ್ಟುವ ತಟ್ಟಿ ಹೆಣೆದವಳು ಅವಳು. ಇಲ್ಲಿ ಕೂತರೆ ಕಡಲು ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ನಡುವೆ ಮರಳ ಗುಡ್ಡೆಯಂತೆ ಹೊಯ್ಗೆ ದಿಬ್ಬ ಇತ್ತು. ಅದರ ಮೈತುಂಬ ನೇರಳೆ ಹೂವಿನ ಅಡಂಬು ಬಳ್ಳಿ, ನೆತ್ತಿಯಲ್ಲಿ ಮುಳ್ಳೆಲೆಯ ಮುಂಡಕದ ಪೊದೆ. ಈಗ ನೋಡಿದರೆ ದಿಬ್ಬದ ತಲೆ ದಾಟಿ ದೋಣಿಯೊಂದು ಹೊಟ್ಟೆ ಸಮೇತ ಕಾಣುತ್ತಿದೆ.

"ಇಲ್ಲಿ ಬನ್ನಿ ಒಮ್ಮೆ. ಕಡಲು ಕಾಣ್ತದೆ."

ಅವಳ ಗಂಡ ಕ್ಲಾರೆನ್ಸ್ ಒಳಗಿನಿಂದಲೇ ನಕ್ಕ. "ಕಂಡರೆ ಒಳ್ಳೆಯದಲ್ವಾ ಮಾರಾಯ್ತಿ? ಮಣಿಪಾಲದಿಂದ ಬರುವವರು ಕಡಲು ಕಾಣುವ ರೂಮು ಬೇಕು ಅಂತ ದುಡ್ಡು ಕೊಡ್ತಾರೆ. ನಿನಗೆ ಪುಕ್ಕಟೆ." ಆಮೇಲೆ ಹಾರೆ ಹೆಗಲಿಗೇರಿಸಿ ಅಂಗಳಕ್ಕೆ ಇಳಿದ. "ನಿನ್ನೆಯ ಗಾಳಿಗೆ ಆ ಹುಡುಗಿಯ ಪೈಪು ಬಿದ್ದಿರಬೇಕು. ನೆಟ್ಟು ಬರ್ತೇನೆ."

ಹುಡುಗಿ ಎಂದರೆ ಅಶ್ವಿನಿ. ಗದಗದ ಕಡೆಯವಳು, ಮಣಿಪಾಲದಲ್ಲಿ ಓದಲು ಬಂದವಳು. ಮೊದಲ ಸಲ ಕಡಲು ಕಂಡ ದಿನ ಚಪ್ಪಲಿ ಕಳೆದುಕೊಂಡು, ಬರಿಗಾಲಲ್ಲಿ ಇವರ ಮನೆಗೆ ನೀರು ಕೇಳಿಕೊಂಡು ಬಂದಿದ್ದಳು. ಮರಳದಿಬ್ಬಗಳು ಕರಗುತ್ತಿವೆಯೋ ಬೆಳೆಯುತ್ತಿವೆಯೋ ಎಂದು ನೋಡುವುದೇ ಅವಳ ಓದು. ಒಂದು ಕಬ್ಬಿಣದ ಪೈಪಿಗೆ ಕೆಂಪು ಬಣ್ಣದ ಗೆರೆ ಬಳಿದು, ಗೆರೆ ಹೊಯ್ಗೆಗೆ ಸರಿಯಾಗುವ ಹಾಗೆ ದಿಬ್ಬದಲ್ಲಿ ನೆಟ್ಟಳು.

"ಉಸುಕು ಇಳದ್ರ ಗೆರಿ ಮ್ಯಾಲೆ ಬರ್ತದ ಆಂಟಿ, ಏರಿದ್ರ ಮುಚ್ಚಿ ಹೋಗ್ತದ. ಹುಣ್ಣಿಮಿ ಹುಣ್ಣಿಮಿಗೆ ನೋಡಿ ಒಂದು ಕಾರ್ಡ್ ಹಾಕ್ರಿ, ಅಷ್ಟ ಸಾಕು" ಎಂದು ಹೇಳಿ ಹೋಗಿದ್ದಳು.

ಅಂದಿನಿಂದ ನೋಡುವವನು ಕ್ಲಾರೆನ್ಸ್, ಬರೆಯುವವಳು ಬೆನೆಡಿಕ್ಟಾ. ಅವನು ಬಹರೈನಿನ ಬಂದರಿನ ಗೋದಾಮಿನಲ್ಲಿ ದುಡಿದು ಬಂದವನು. ಇನ್ನೊಬ್ಬರ ಸಾಮಾನು ಇಟ್ಟಲ್ಲಿ ಇಟ್ಟ ಹಾಗೆ ಇರಬೇಕು ಎನ್ನುವುದು ಅವನ ಧರ್ಮ. ಪ್ರತಿ ಸಲ ಬಂದು ಹೇಳುವುದು ಒಂದೇ ಮಾತು, ಅವಳು ಕಾರ್ಡಿನಲ್ಲಿ ಬರೆಯುವುದೂ ಅದೇ ಮಾತು: ಹೊಯ್ಗೆ ಕೆಂಪು ಗೆರೆಗೆ ಸರಿಯಾಗಿ ಉಂಟು.

ಆ ದಿನ ಮಡಲು ಬಿಟ್ಟು ಅವಳೂ ಅವನ ಹಿಂದೆ ಹೋದಳು. ಅವನು ಗುಂಡಿ ತೋಡಿ, ಪೈಪು ಇಳಿಸಿ, ಕಾಲಲ್ಲಿ ಹೊಯ್ಗೆ ಒತ್ತುತ್ತಿದ್ದ.

"ಎಷ್ಟು ಆಳ ನೆಡ್ತೀರಿ?"

"ಎಷ್ಟು ಅಂದರೆ? ಕೆಂಪು ಗೆರೆಯವರೆಗೆ. ಅವಳು ನೆಟ್ಟ ಹಾಗೆಯೇ."

"ಹಿಂದೆಯೂ ಬಿದ್ದಿತ್ತಾ?"

"ಪ್ರತಿ ಮಳೆಗಾಲ ಬೀಳ್ತದೆ. ನಾನು ಎತ್ತಿ ನೆಡ್ತೇನೆ."

ಬೆನೆಡಿಕ್ಟಾ ಬಗ್ಗಿ ಪೈಪಿನ ಕೆಂಪು ಗೆರೆ ಮುಟ್ಟಿ ನೋಡಿದಳು. "ಅಯ್ಯೋ ದೇವರೇ. ಅಡಿಯ ಹೊಯ್ಗೆ ಹೋದದ್ದಕ್ಕೆ ಅಲ್ವಾ ಅದು ಬೀಳುವುದು? ಅವಳಿಗೆ ಬೇಕಾದ ಸುದ್ದಿ ಅದೇ ಅಲ್ವಾ?"

"ನಿನ್ನದೊಂದು! ಬಿದ್ದದ್ದನ್ನು ಬಿದ್ದ ಹಾಗೆಯೇ ಬಿಟ್ಟರೆ ಅವಳು ಎಂತ ಹೇಳಿಯಾಳು? ಒಂದು ಪೈಪು ನೋಡಿಕೊಳ್ಳಲಿಕ್ಕೆ ಈ ಕಿರಿಸ್ತಾನ ಪೊರ್ಬುಗಳಿಂದ ಆಗಲಿಲ್ಲ ಅಂತ ಹೇಳುವುದಿಲ್ವಾ?"

ಅವಳು ಮನೆಗೆ ಬಂದು ಕೂತು ಅಶ್ವಿನಿಗೆ ಪತ್ರ ಬರೆದಳು. ಬರೆದದ್ದನ್ನು ಕಳಿಸಲಿಕ್ಕೆ ಮಾತ್ರ ಕೈ ಬರಲಿಲ್ಲ.

ಮನೆಯೊಳಗಿನ ದೇವರ ಪೀಠ, ಅಲ್ತಾರಿನ ಪಕ್ಕ ಅಶ್ವಿನಿ ಕಳಿಸಿದ ಪುಸ್ತಕ ಇತ್ತು. ಅವಳ ಓದಿನ ಫಲ ಅದು. ಮೊದಲ ಪುಟದಲ್ಲಿ ಕೃತಜ್ಞತೆ ಹೇಳಿದ ಕಡೆ ಕ್ಲಾರೆನ್ಸನ ಹೆಸರು ಅಚ್ಚಾಗಿತ್ತು. ಗ್ಯಾಸ್ ಸಿಲಿಂಡರ್ ತರುವವನಿಗೂ ಅವನು ಅದನ್ನು ತೆಗೆದು ತೋರಿಸುತ್ತಿದ್ದ. ಅದೇ ಪುಸ್ತಕದ ಒಳಗೆ, ಈ ಕರಾವಳಿಯಲ್ಲಿ ಅಲುಗದೆ ನಿಂತ ದಿಬ್ಬ ಇದು ಎಂದು ಇತ್ತು. ಹಿಂದಿನ ವರ್ಷ ದಿಬ್ಬಗಳಿಗೆ ಬೇಲಿ ಹಾಕಿ ಬಳ್ಳಿ ನೆಡಲು ಬಂದ ಅಧಿಕಾರಿ ಇವರ ಅಂಗಳದಲ್ಲಿ ಬೊಂಡದ ಎಳನೀರು ಕುಡಿದು, "ನಿಮ್ಮದು ಗಟ್ಟಿ ಉಂಟಲ್ಲ, ಇಲ್ಲಿ ಬೇಡ" ಎಂದು ಕಾಪುವಿನ ಕಡೆ ಜೀಪು ತಿರುಗಿಸಿದ್ದ. ಕ್ಲಾರೆನ್ಸ್ ಆ ದಿನ ಎದೆಯುಬ್ಬಿಸಿ ನಡೆದಾಡಿದ್ದ. ಈಗ ಈ ಪತ್ರ ಹೋದರೆ ಆ ಎದೆ ಎಲ್ಲಿಗೆ ಇಳಿದೀತು?

ಇನ್ನೊಂದು ಆಸೆಯೂ ಅವಳಿಗಿತ್ತು. ಮಳೆಗಾಲದಲ್ಲಿ ಕೊಂಡುಹೋದ ಹೊಯ್ಗೆಯನ್ನು ಕಡಲು ಆಮೇಲೆ ತಾನೇ ತಂದು ಹಾಕುವುದುಂಟು. ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನ ಮೊಂತಿ ಹಬ್ಬದವರೆಗೆ ಕಾಯುವ, ತಂದು ಹಾಕಿದರೆ ಪತ್ರವೇ ಬೇಡ ಎಂದು ಅದನ್ನು ಅಲ್ತಾರಿನ ಬಟ್ಟೆಯ ಅಡಿಗೆ ಸೇರಿಸಿದಳು. ಕಾಯುವುದು ಅವಳಿಗೆ ಕಷ್ಟವಲ್ಲ. ಗಂಡ ಬಹರೈನಿನಲ್ಲಿ ಇದ್ದಷ್ಟು ಕಾಲವೂ ಕಾದವಳೇ.

ಮಳೆ ಬಂತು. ತಟ್ಟಿಯ ಸಂದಿನಲ್ಲಿ ಇಣುಕಿ ನೋಡುವುದೇ ಅವಳ ಕೆಲಸವಾಯಿತು. ದಿಬ್ಬದ ಪಡುಬದಿ ಕತ್ತಿಯಲ್ಲಿ ಕೊಯ್ದ ಹಾಗೆ ನೆಟ್ಟಗೆ ಜರಿಯಿತು. ಅಡಂಬಿನ ಬೇರುಗಳು ಬಿಚ್ಚಿದ ಜಡೆಯ ಹಾಗೆ ಗಾಳಿಯಲ್ಲಿ ತೂಗಿದವು. ಮುಂಡಕದ ಪೊದೆ ಒಂದು ಬೆಳಿಗ್ಗೆ ಕಡಲಬದಿಯಲ್ಲಿ ಬೇರು ಮೇಲಾಗಿ ಬಿದ್ದಿತ್ತು. ಜಪಮಾಲೆ ಹಿಡಿದು ಕೂತಳು. ಮಣಿ ಎಣಿಸಿದರೆ ಹೊಯ್ಗೆ ನಿಲ್ಲುತ್ತದೆಯೇ?

ಮೊಂತಿ ಹಬ್ಬದ ದಿನ ಇಗರ್ಜಿಯಲ್ಲಿ ಮಂತ್ರಿಸಿ ಕೊಟ್ಟ ಹೊಸ ತೆನೆ ತಂದು, ಕಾಳು ಸುಲಿದು ಪುಡಿ ಮಾಡಿ, ತೆಂಗಿನಹಾಲಿಗೆ ಸೇರಿಸಿದಳು. ಮನೆಯ ಹಿರಿಯನೇ ಮೊದಲು ಕುಡಿಯಬೇಕು. ಕ್ಲಾರೆನ್ಸ್ ಪ್ರಾರ್ಥನೆ ಹೇಳಿ ಲೋಟ ಎತ್ತಿದ. ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಇದಕ್ಕೆ ಯಾರಾದರೂ ಉಪ್ಪು ಹಾಕ್ತಾರಾ? ಬೆಲ್ಲದ ಡಬ್ಬ ಯಾವುದು, ಉಪ್ಪಿನ ಡಬ್ಬ ಯಾವುದು ಅಂತ ಈ ಪ್ರಾಯದಲ್ಲಿ ಮರೆತು ಹೋಯಿತಾ?"

"ಉಪ್ಪು ಹಾಕಲಿಲ್ಲ. ಬಾವಿಯ ನೀರೇ ಇವತ್ತು ಹಾಗೆ ಆಗಿದೆ."

ಅವನು ಲೋಟ ಕೆಳಗಿಟ್ಟು ಬಾವಿಗೆ ಹೋದ. ಕೊಡಪಾನ ಎತ್ತಿ ಬೊಗಸೆಯಲ್ಲಿ ಕುಡಿದು ಉಗುಳಿದ. ಅವನ ಅಜ್ಜ ತೋಡಿಸಿದ ಬಾವಿ. ಕಡಲು ಇಷ್ಟು ಹತ್ತಿರ ಇದ್ದರೂ ದಿಬ್ಬದ ಮರೆಯಲ್ಲಿ ಬೇಸಗೆಯಲ್ಲೂ ಸಿಹಿನೀರು ತಪ್ಪಿದ್ದಿಲ್ಲ. ಅಲ್ಲಿಂದ ದಿಬ್ಬದ ಕಡೆ ನಡೆದ. ತಿರುಗಿ ಬಂದಾಗ ಹಬ್ಬದ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಪೈಪು ಬಿದ್ದಿದೆ" ಎಂದ.

"ನೆಡಲಿಲ್ವಾ?"

"ನೆಡಲಿಕ್ಕೆ ಹೊಯ್ಗೆ ಎಲ್ಲಿ ಉಂಟು?"

ಬೆನೆಡಿಕ್ಟಾ ಅಲ್ತಾರಿನ ಬಟ್ಟೆ ಎತ್ತಿ ಪತ್ರ ತಂದು ಅವನ ಕೈಯಲ್ಲಿಟ್ಟಳು. ಕನ್ನಡಕ ಹುಡುಕಿ, ಬಾಗಿಲ ಬೆಳಕಿಗೆ ಹಿಡಿದು ಅವನು ನಿಧಾನ ಓದಿದ. ಪೈಪು ಬಿದ್ದಾಗಲೆಲ್ಲ ನಾವು ಗೆರೆಯವರೆಗೆ ಮತ್ತೆ ನೆಟ್ಟೆವು, ನಮ್ಮ ಕಾರ್ಡುಗಳಲ್ಲಿ ಬರೆದದ್ದು ಸರಿಯಲ್ಲ, ದಿಬ್ಬ ಹೋಗುತ್ತಾ ಉಂಟು, ಬೇಲಿಯವರನ್ನು ಬೇಗ ಕಳಿಸಿ ಎಂದು ಇತ್ತು.

"ಬೇಸಗೆಯಲ್ಲಿ ಬರೆದದ್ದಾ ಇದು?"

"ಹೌದು."

ಅವನು ಬೈಯುತ್ತಾನೆ ಎಂದು ಅವಳು ಕಾದಳು. ಬೈಯಲಿಲ್ಲ. "'ನಾವು' ಅಂತ ಯಾಕೆ ಬರೆದದ್ದು? ನೆಟ್ಟದ್ದು ನಾನು. ನನ್ನ ಹೆಸರು ಹಾಕು. ಅವಳು ಪುಸ್ತಕದಲ್ಲಿ ಹಾಕಿದ್ದಾಳಲ್ವಾ?"

ಅವಳು 'ನಾವು' ಹೊಡೆದು ಹಾಕಿ ಹೆಸರು ಬರೆದಳು. 'ಬೇಲಿಯವರನ್ನು ಬೇಗ ಕಳಿಸಿ' ಎಂಬ ಮಾತಿನ ಮೇಲೆ ಪೆನ್ನು ತುಸು ನಿಂತಿತು. ಬೇಲಿ ಹಾಕಲಿಕ್ಕೆ ಈಗ ಎಂತ ಉಳಿದಿದೆ? ಆದರೂ ಹೊಡೆಯಲಿಲ್ಲ. ಅನ್ನದ ಅಗುಳು ಒತ್ತಿ ಲಕೋಟೆ ಅಂಟಿಸಿದಳು.

"ಅವಳು ಇನ್ನೂ ಮಣಿಪಾಲದಲ್ಲಿ ಇದ್ದಾಳಾ?"

"ಗೊತ್ತಿಲ್ಲ. ಓದು ಮುಗಿಯಿತಲ್ಲ."

ಇಬ್ಬರೂ ಬಾಗಿಲಿಗೆ ಚಿಲಕ ಹಾಕಿ ಹೊರಟರು. ಅಂಗಳದಿಂದಲೇ ಪೈಪು ಕಾಣುತ್ತಿತ್ತು. ನೊರೆ ಬಂದು ಅದನ್ನು ಅತ್ತ ಉರುಳಿಸುತ್ತಿತ್ತು, ಇತ್ತ ಉರುಳಿಸುತ್ತಿತ್ತು. ಕ್ಲಾರೆನ್ಸ್ ಗೋಡೆಗೆ ಒರಗಿಸಿದ್ದ ಹಾರೆಯನ್ನು ಒಮ್ಮೆ ನೋಡಿದ. ಆಮೇಲೆ ಎರಡೂ ಕೈ ಹಿಂದೆ ಕಟ್ಟಿಕೊಂಡು ಹೈವೇ ಕಡೆ ನಡೆದ. ಅಂಚೆ ಡಬ್ಬದ ಹತ್ತಿರ ಬಂದಾಗ ಅವಳ ಕೈಯಿಂದ ಲಕೋಟೆ ಕೇಳಿ ಪಡೆದು, ತಾನೇ ಒಳಗೆ ಹಾಕಿದ.