ಗ್ಯಾಸಿನ ಕಾಗದಗಳು

ಕಾಡಸಿದ್ದಪ್ಪನ ಹೆರಾಲ್ಡ್ ಕಾರಿಗೆ ಗ್ಯಾಸು ಕೂರಿಸುವ ವಿಚಾರ ಶೆಟ್ಟಿಕೆರೆಯಲ್ಲಿ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ಎರಡು ಮದುವೆ ಮಾಡಿ ಮುಗಿಸಬಹುದಿತ್ತು ಎಂದು ಊರವರು ಆಡಿಕೊಂಡರು. ನಲವತ್ತು ದಾಟಿದರೂ ಒಂದು ಮದುವೆಯನ್ನೂ ಕಾಣದ ಆಸಾಮಿಗೆ ಆ ಮಾತು ತಾಗಬೇಕಿತ್ತು, ತಾಗಲಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ, ಕೊಬ್ಬರಿಯಾಗಲಿ ಎಂದು ವರ್ಷಗಟ್ಟಲೆ ಮುಟ್ಟದೆ ಕಾಯುವ ಮನುಷ್ಯನಿಗೆ ಅವಸರ ಎಲ್ಲಿಂದ ಬರಬೇಕು?

ಆ ಕಾರು ಇಬ್ಬರ ಕೈಕೂಸು. ತಿಪಟೂರಿನ ಮೆಕ್ಯಾನಿಕ್ ಫಜಲುಲ್ಲಾ ಮತ್ತು ಅವನು ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಭಾನುವಾರಗಳೆಲ್ಲ ಕೂತು ಎಂಜಿನ್ ಬಿಚ್ಚಿ, ಒಂದಿದ್ದ ಕಾರ್ಬೊರೇಟರನ್ನು ಎರಡು ಮಾಡಿ, ಹುಳಿಯಾರಿನ ರಸ್ತೆಯಲ್ಲಿ ಬಸ್ಸುಗಳನ್ನೆಲ್ಲ ಹಿಂದೆ ಹಾಕುವಂತೆ ಮಾಡಿದ್ದರು. ಎಂಬತ್ತೆರಡರಲ್ಲಿ ಫಜಲು ಸೌದಿಯ ಒಂದು ಗ್ಯಾರೇಜಿಗೆ ಹೊರಟುಹೋದ. ಅಲ್ಲಿಂದ ಬರೆದ ಮೊದಲ ಕಾಗದದಲ್ಲೇ ಈ ಸುದ್ದಿ ಇತ್ತು. ಇಲ್ಲಿ ಪಂದ್ಯದ ಕಾರುಗಳಿಗೆ ನೈಟ್ರಸ್ ಅನ್ನೋ ಗ್ಯಾಸು ಹಾಕ್ತಾರೆ, ಆಪರೇಷನ್ನಿಗೆ ಮುಂಚೆ ಡಾಕ್ಟರು ಮೂಗಿಗೆ ಹಿಡೀತಾರಲ್ಲ, ಅಂಥದ್ದೇ. ಗುಂಡಿ ಒತ್ತಿದರೆ ಕಾರು ಹಾರ್ತದೆ. ಲೆಕ್ಕ ತಪ್ಪಿದರೆ ಪಿಸ್ಟನ್ನೇ ಕರಗಿ ಹೋಗ್ತದೆ.

ಕಾಡಸಿದ್ದಪ್ಪನಿಗೆ ಕಾಗದ ಬರೆಯುವ ಅಭ್ಯಾಸವಿರಲಿಲ್ಲ. ‘ಇತ್ತ ಕ್ಷೇಮ’ ಎಂದ ಮೇಲೆ ಪೆನ್ನು ನಿಂತುಬಿಡುತ್ತಿತ್ತು. ನೀನಿಲ್ಲದೆ ಬೇಜಾರು ಎಂದು ಗಂಡಸು ಗಂಡಸಿಗೆ ಬರೆಯುವುದುಂಟೇ? ಗ್ಯಾಸಿನ ವಿಷಯ ಸಿಕ್ಕಿದ್ದೇ ಪೆನ್ನಿಗೂ ದಾರಿ ಸಿಕ್ಕಿತು. ನಮ್ಮ ಕಾರಿಗೆ ಯಾವ ಥರದ್ದು ಹಾಕಿದರೆ ಅಪಾಯವಿಲ್ಲ ಎಂದು ಕೇಳಿದ. ಇಪ್ಪತ್ತು ದಿನಕ್ಕೆ ಉತ್ತರ ಬಂತು. ಬರೀ ಗ್ಯಾಸು ಬಿಡಬೇಡ ಕಣ್ಲಾ, ಅದರ ಜೊತೆಗೇ ಪೆಟ್ರೋಲೂ ಹೆಚ್ಚಿಗೆ ಹೋಗಬೇಕು. ಎಷ್ಟು ಬಿಡಬೇಕು ಎಂದು ಮತ್ತೆ ಬರೆದ. ಎಲ್ಲಕ್ಕಿಂತ ಸಣ್ಣ ತೂತಿನ ಜೆಟ್ಟು ಸಾಕು. ಸಿಲಿಂಡರು ಎಲ್ಲಿ ಕೂರಿಸಲಿ? ಬಿಸಿಲು ತಾಗದ ಕಡೆ, ಪೆಟ್ರೋಲ್ ಟ್ಯಾಂಕಿನಿಂದ ದೂರ.

ಒಂದು ಕಾಗದಕ್ಕೆ ಒಂದೇ ಪ್ರಶ್ನೆ. ಪೋಸ್ಟ್‌ಮ್ಯಾನ್ ಸಣ್ಣತಿಮ್ಮಯ್ಯನಿಗೇ ಸಾಕಾಗಿಹೋಯಿತು.

“ಎಲ್ಲಾ ಒಟ್ಗೇ ಕೇಳ್ಬಾರ್ದಾ ಯಜಮಾನ್ರೇ?”

“ಕೇಳ್ಬೋದು ಕಣಪ್ಪ,” ಎಂದ ಕಾಡಸಿದ್ದಪ್ಪ. ಕೇಳಲಿಲ್ಲ. ಎಲ್ಲವನ್ನೂ ಒಂದೇ ಸಲ ಕೇಳಿಬಿಟ್ಟರೆ ಮುಂದಿನ ತಿಂಗಳು ಏನು ಮಾಡುವುದು? ಗೊತ್ತಿದ್ದನ್ನೂ ಗೊತ್ತಿಲ್ಲದವನಂತೆ ಕೇಳುವ ಕಳ್ಳತನವನ್ನೂ ಅವನು ಕಲಿತಿದ್ದ.

ಒಂದು ಮಾತ್ರ ನಿಜವಾಗಿ ಗೊತ್ತಿರಲಿಲ್ಲ. ಬೆಂಗಳೂರಿನಿಂದ ತರಿಸಿದ ಸಿಲಿಂಡರು ತುಂಬಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಆಡುತ್ತದೋ ಎಂದು ಕಾಯಿ ಅಲ್ಲಾಡಿಸಿ ನೋಡುವ ಹಾಗೆ. ಅದನ್ನೂ ಬರೆದ. ನಮ್ಮ ಗ್ಯಾರೇಜಿನವರೆಲ್ಲ ಬಿದ್ದು ಬಿದ್ದು ನಕ್ಕರು ಎಂದು ಫಜಲು ಉತ್ತರಿಸಿದ. ಅದು ಕೊಬ್ಬರಿಯಲ್ಲ ಕಣ್ಲಾ, ತಕ್ಕಡಿಗೆ ಹಾಕಿ ತೂಗು. ಆ ಕಾಗದವನ್ನು ಕಾಡಸಿದ್ದಪ್ಪ ಒಂದು ವಾರ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ.

ಎಂಬತ್ನಾಲ್ಕರ ಕಾರ್ತಿಕದಲ್ಲಿ ದಪ್ಪನೆಯ ಲಕೋಟೆ ಬಂತು. ಒಳಗೆ ಎಂಟು ಹಾಳೆ, ಬಣ್ಣದ ಪೆನ್ಸಿಲಿನಲ್ಲಿ ಬರೆದ ನಕ್ಷೆ ಬೇರೆ. ಫಜಲುವಿಗೆ ಮರಳುಗಾಡಿನ ಒಳಗೆಲ್ಲೋ ಹೊಸ ಕೆಲಸವಾಗಿತ್ತು, ಇನ್ನೂ ನಾಲ್ಕು ವರ್ಷದ್ದು. ಅಲ್ಲಿಗೆ ಟಪಾಲು ಹೋಗಿ ಬರುವುದು ಕಷ್ಟ. ಅದಕ್ಕೇ ನೀನು ಕೇಳಬಹುದಾದ್ದನ್ನೆಲ್ಲ ಇದರಲ್ಲೇ ಬರೆದಿದೀನಿ, ನಿನಗೆ ಇನ್ನು ತೊಂದರೆ ಇಲ್ಲ. ವಾಲ್ವು, ಜೆಟ್ಟುಗಳನ್ನು ರಜೆಗೆ ಬರುವ ಒಬ್ಬರ ಕೈಲಿ ಕಳಿಸಿದೀನಿ.

ಕಾಡಸಿದ್ದಪ್ಪ ಮೂರು ಸಲ ಓದಿದ. ಪಾಪಿ, ಒಂದು ಸಂದೇಹಕ್ಕೂ ಜಾಗ ಬಿಟ್ಟಿರಲಿಲ್ಲ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಸಾಮಾನು ಬಂದ ಮೇಲೆ ಎಲ್ಲವನ್ನೂ ನಕ್ಷೆಯಂತೆ ಅವನೇ ಕೂರಿಸಿದ. ಸಿಲಿಂಡರನ್ನು ಪಟ್ಟಿಯಿಂದ ಬಿಗಿದ. ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ತುಳಿದರೆ ಮಾತ್ರ ಗುಂಡಿ ಕೆಲಸ ಮಾಡುವಂತೆ ತಂತಿ ಎಳೆದ. ಒಂದು ಬೆಳಿಗ್ಗೆ ಹುಳಿಯಾರಿನ ನೆಟ್ಟನೆಯ ರಸ್ತೆಗೆ ಕಾರು ತಂದು ನಿಲ್ಲಿಸಿ, ಕೊನೆಗೊಮ್ಮೆ ಹಾಳೆ ತೆಗೆದು ನೋಡಿದ. ಎಂಟನೆಯ ಹಾಳೆಯ ಕಡೆಯ ಸಾಲಿಗೆ ಫಜಲು ಕೆಂಪು ಗೆರೆ ಎಳೆದಿದ್ದ, ಮೂರು ಸಲ ಓದುವಾಗಲೂ ಅದು ಮನಸ್ಸಿಗೆ ತಾಗಿರಲಿಲ್ಲ. ‘ಏನೇ ಆದ್ರೂ ಒಬ್ಬನೇ ಇರುವಾಗ ಒತ್ತಬೇಡ. ಬೆಂಕಿ ಗಿಂಕಿ ಆದ್ರೆ ಎಳೆದು ಹಾಕೋಕೆ ಪಕ್ಕದಲ್ಲಿ ಒಬ್ಬ ಇರಲೇಬೇಕು.’

ಯಾರನ್ನು ಕರೆಯಲಿ ಎಂದು ಯೋಚಿಸಿದ. ಊರಿನಲ್ಲಿ ಮುನ್ನೂರು ಮನೆ ಇದ್ದವು. ರಸ್ತೆ ಖಾಲಿ ಇತ್ತು, ಎಂಜಿನ್ನು ಸೊಗಸಾಗಿ ಓಡುತ್ತಿತ್ತು. ಅವನು ಗುಂಡಿಯ ಮೇಲಿಂದ ಕೈ ತೆಗೆದು, ಅಷ್ಟರಲ್ಲಿ ಹಿಂದಿನಿಂದ ಬಂದ ಎತ್ತಿನ ಗಾಡಿಯೊಂದನ್ನು ಮುಂದೆ ಹೋಗಲು ಬಿಟ್ಟು, ಕಾರು ತಿರುಗಿಸಿದ.

ಮನೆಗೆ ಬಂದವನೇ ಕಾಗದ ತೆಗೆದ. ಈ ಸಲ ‘ಇತ್ತ ಕ್ಷೇಮ’ ಎಂದೂ ಬರೆಯಲಿಲ್ಲ.

‘ಫಜಲು, ನೀನು ಹೇಳಿದಂಗೇ ಎಲ್ಲಾ ಕೂರಿಸಿದೀನಿ. ಪಕ್ಕದಲ್ಲಿ ಕೂರೋಕೆ ನನಗೆ ಯಾರೂ ಇಲ್ಲ ಕಣ್ಲಾ.’